ತವರಿನ ಮಾತು ತಾಯಿ ಕಾರ್ಡಿಗೆ ಬರಲಿ
(ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಇರುವ ಹೆಣ್ಣುಮಕ್ಕಳ ಬಸುರು ಮತ್ತು ಬಾಣಂತನ)



ಚಂದ್ರಬಂಡ ಭಾಗದ ಒಂದು ಸ್ವಸಹಾಯ ಸಂಘದ ಸಭೆ. ಉಳಿತಾಯದ ಪುಸ್ತಕ ಬರೆದಾಗಿತ್ತು, ಸಾಲದ ಕಂತಿನ ಲೆಕ್ಕವೂ ಮುಗಿದಿತ್ತು. ಆಮೇಲೆ ನಾವು ರಕ್ತಹೀನತೆಯ ಬಗ್ಗೆ ನಾಲ್ಕು ಮಾತು ಹೇಳಿದೆವು. ನುಗ್ಗಿಸೊಪ್ಪು ತಿನ್ನಿರಿ, ಕಬ್ಬಿಣಾಂಶದ ಗುಳಿಗೆ ಬಿಡಬೇಡಿರಿ ಎನ್ನುವ ಎಂದಿನ ಮಾತೇ. ಎಲ್ಲರೂ ಎದ್ದು ಹೋದ ಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ತಂಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಸಿಸ್ಟರ್, ನನಗ ಮುಟ್ಟಾದ್ರ ಹತ್ತು ದಿನ ಆದ್ರೂ ನಿಲ್ಲಂಗಿಲ್ರಿ. ನಮ್ಮವ್ವಗೂ ಹಂಗ ಇತ್ತು. ನಮ್ಮಕ್ಕ ಹಡದು ಹನ್ನೆರಡನೇ ದಿನಕ್ಕ ರಕ್ತ ಹೋಗಿ ತೀರಿಕೊಂಡ್ಳು. ಈಗ ನನಗ ಮೂರು ತಿಂಗಳ್ರಿ. ಗಂಡನ ಮನ್ಯಾಗ ಯಾರಿಗೂ ಹೇಳಿಲ್ಲ."

ಗುಳಿಗೆ, ಸೊಪ್ಪು ಅಂತ ಅರ್ಧ ತಾಸು ಮಾತಾಡಿದ್ದ ನಮಗೆ ಆಗ ನಾಚಿಕೆಯಾಯಿತು. ಆಕೆಗೆ ರಕ್ತ ಕಡಿಮೆ ಇದ್ದದ್ದು ನಿಜವೇ. ಆದರೆ ಅದು ಯಾಕೆ ಕಡಿಮೆ ಆಗ್ತಿದೆ ಅಂತ ನಾವು ಯಾವತ್ತೂ ಕೇಳಿರಲಿಲ್ಲ. ಆಕೆಯ ಹೆಸರು, ಊರು ಇಲ್ಲಿ ಬೇಡ. ಆದರೆ ಆಕೆಯ ಜೊತೆ ಓಡಾಡಿ ನಾವು ಕಲಿತದ್ದನ್ನು ನಿಮಗೆಲ್ಲ ಹೇಳಬೇಕು ಎನಿಸಿತು. ಇಂಥ ತೊಂದರೆ ಇರುವವರು ಎಲ್ಲ ಸಂಘದಲ್ಲೂ ಇರುವುದಿಲ್ಲ. ಆದರೆ ಇದ್ದವರು ಬಾಯಿ ಬಿಡುವುದಿಲ್ಲ.

ಸುವಾರ್ತೆಯಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಒಬ್ಬ ಹೆಣ್ಣುಮಗಳ ಕಥೆ ಬರುತ್ತದೆ. ಇದ್ದಬದ್ದ ದುಡ್ಡೆಲ್ಲ ವೈದ್ಯರಿಗೆ ಸುರಿದರೂ ವಾಸಿಯಾಗಲಿಲ್ಲ, ಜನರ ಕಣ್ಣು ತಪ್ಪಿಸಿ ಹಿಂದಿನಿಂದ ಬಂದಳು. ಎರಡು ಸಾವಿರ ವರ್ಷ ಆದರೂ ನಮ್ಮ ಹೆಣ್ಣುಮಕ್ಕಳು ಹಾಗೇ ಹಿಂದಿನಿಂದಲೇ ಬರ್ತಾರೆ.

ರಕ್ತ ನಿಲ್ಲುವುದು ಹೇಗೆ?

ಮಾನವಿ ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತು. ಕಾಲುವೆ ಎಲ್ಲಿಯಾದರೂ ಒಡೆದರೆ ರೈತರು ಏನು ಮಾಡ್ತಾರೆ? ಮೊದಲು ಮರಳಿನ ಚೀಲ ಹಾಕ್ತಾರೆ. ಬರೀ ಚೀಲ ಹಾಕಿದರೆ ನೀರು ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೆ ಗೂಟ ಹೊಡೆದು, ಹಗ್ಗ ಕಟ್ಟಿ, ಚೀಲಗಳನ್ನು ದಂಡೆಗೆ ಹಿಡಿಸಬೇಕು. ಮೇಲೆ ಮಣ್ಣು ಮೆತ್ತಿ ಗಟ್ಟಿ ಮಾಡಬೇಕು. ನಮ್ಮ ರಕ್ತದಲ್ಲೂ ಇದೇ ಕೆಲಸ ನಡೆಯುತ್ತದೆ. ಪ್ಲೇಟ್‌ಲೆಟ್ ಎನ್ನುವ ಕಣಗಳು ಮರಳಿನ ಚೀಲ ಇದ್ದಂತೆ. ವಾನ್ ವಿಲ್ಲೆಬ್ರಾಂಡ್ ಎನ್ನುವ ವಸ್ತು ಹಗ್ಗ ಇದ್ದಂತೆ. ಮೇಲೆ ಮೆತ್ತುವ ಗಟ್ಟಿ ಮಣ್ಣು ಅಂದರೆ ಫ್ಯಾಕ್ಟರ್‌ಗಳು. ಇವುಗಳಿಗೆ ಒಂದು, ಎರಡು, ಎಂಟು, ಒಂಬತ್ತು ಎಂದು ನಂಬರ್ ಕೊಟ್ಟಿದ್ದಾರೆ. ಹುಟ್ಟಿನಿಂದಲೇ ಇವುಗಳಲ್ಲಿ ಒಂದು ಕಡಿಮೆ ಇದ್ದರೆ ಗಾಯ ಬೇಗ ಮುಚ್ಚುವುದಿಲ್ಲ.

ಎಂಟನೇ ಫ್ಯಾಕ್ಟರ್ ಕಡಿಮೆ ಇದ್ದರೆ ಹಿಮೋಫಿಲಿಯಾ 'ಎ', ಒಂಬತ್ತನೆಯದು ಕಡಿಮೆ ಇದ್ದರೆ ಹಿಮೋಫಿಲಿಯಾ 'ಬಿ'. ಹಗ್ಗವೇ ಕಡಿಮೆ ಅಥವಾ ಸಡಿಲ ಇದ್ದರೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಈ ಕೊನೆಯದು. ಏಳನೇ, ಹದಿಮೂರನೇ ಫ್ಯಾಕ್ಟರ್ ಇಲ್ಲದಿರುವುದು, ಪ್ಲೇಟ್‌ಲೆಟ್ ಲೆಕ್ಕಕ್ಕೆ ಸರಿ ಇದ್ದರೂ ಕೆಲಸ ಮಾಡದಿರುವುದು, ಇವು ಅಪರೂಪದವು.

ವಾನ್ ವಿಲ್ಲೆಬ್ರಾಂಡ್ ಎನ್ನುವುದು ಫಿನ್ಲೆಂಡ್ ದೇಶದ ಒಬ್ಬ ವೈದ್ಯರ ಹೆಸರು. 1924ರಲ್ಲಿ ಸಮುದ್ರದ ನಡುವಿನ ಓಲಾಂಡ್ ದ್ವೀಪಗಳಿಂದ ಯೋರ್ಡಿಸ್ ಎಂಬ ಐದು ವರ್ಷದ ಹುಡುಗಿಯನ್ನು ಅವರ ಹತ್ತಿರ ಕರೆತಂದರು. ಅವಳ ಒಡಹುಟ್ಟಿದ ಹೆಣ್ಣುಮಕ್ಕಳಲ್ಲಿ ಕೆಲವರು ರಕ್ತ ಹೋಗಿಯೇ ತೀರಿಕೊಂಡಿದ್ದರು. ತಾಯಿ ಕಡೆ, ತಂದೆ ಕಡೆ, ಎರಡೂ ಕಡೆ ಈ ತೊಂದರೆ ಇತ್ತು. ಇದು ಹಿಮೋಫಿಲಿಯಾ ಅಲ್ಲ, ಬೇರೆಯದೇ ಕಾಯಿಲೆ ಎಂದು ಆ ವೈದ್ಯರು 1926ರಲ್ಲಿ ಬರೆದರು. ಯೋರ್ಡಿಸ್ ಹದಿಮೂರನೇ ವಯಸ್ಸಿನಲ್ಲಿ ತೀರಿಕೊಂಡಳು. ಬಿದ್ದು ಪೆಟ್ಟಾಗಿ ಅಲ್ಲ. ದೊಡ್ಡವಳಾದ ಮೇಲೆ ನಾಲ್ಕನೇ ಸಲ ಮುಟ್ಟಾದಾಗ ರಕ್ತ ನಿಲ್ಲಲೇ ಇಲ್ಲ. ಇಷ್ಟಾದರೂ "ರಕ್ತ ನಿಲ್ಲದ ಕಾಯಿಲೆ ಗಂಡುಮಕ್ಕಳಿಗೆ ಮಾತ್ರ ಬರೋದು" ಎನ್ನುವ ಮಾತು ಇವತ್ತಿಗೂ ಕೇಳುತ್ತೇವೆ. ಓದಿದವರ ಬಾಯಲ್ಲೂ.

ಯಾರ ರಕ್ತದಿಂದ ಬಂತು?

ಹಿಮೋಫಿಲಿಯಾ ಇರುವ ಗಂಡುಮಗು ಹುಟ್ಟಿದರೆ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ಬೈಗುಳ ಬೀಳುವುದು ಸೊಸೆಯ ಮೇಲೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ತಾಯಿ ಹಿಮೋಫಿಲಿಯಾದ ವಾಹಕಿ ಆಗಿದ್ದರೆ, ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧ, ಬಾರದಿರುವ ಸಾಧ್ಯತೆ ಅರ್ಧ. ಪ್ರತಿ ಹೆಣ್ಣುಮಗು ವಾಹಕಿ ಆಗುವ ಸಾಧ್ಯತೆಯೂ ಅರ್ಧ. ನಾಣ್ಯ ಚಿಮ್ಮಿದ ಹಾಗೆ. ಮೊದಲನೆಯದಕ್ಕೆ ಬಂತು, ಇನ್ನು ಎರಡನೆಯದಕ್ಕೆ ಬರಲ್ಲ ಅಂತ ಹೇಳಲಾಗದು, ಪ್ರತಿ ಸಲವೂ ಹೊಸದಾಗಿ ಚಿಮ್ಮಿದಂತೆಯೇ. ತಂದೆಗೆ ಹಿಮೋಫಿಲಿಯಾ ಇದ್ದು ತಾಯಿ ವಾಹಕಿ ಅಲ್ಲದಿದ್ದರೆ ಗಂಡುಮಕ್ಕಳಿಗೆ ಬರುವುದಿಲ್ಲ. ಹೆಣ್ಣುಮಕ್ಕಳು ಮಾತ್ರ ಎಲ್ಲರೂ ವಾಹಕಿಯರೇ. ಇನ್ನೊಂದು ಸಂಗತಿ, ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮನೆತನದಲ್ಲಿ ಹಿಂದೆ ಯಾರಿಗೂ ಅದು ಇರುವುದಿಲ್ಲ. ತಾನಾಗಿಯೇ ಹೊಸದಾಗಿ ಬಂದಿರುತ್ತದೆ. ಅಂಥಲ್ಲಿ ಯಾರನ್ನು ಬೈಯುವುದು? ಬಂದದ್ದು ತಾಯಿಯಿಂದ ಎಂದಾದರೂ ಅದು ಆಕೆ ಮಾಡಿದ ತಪ್ಪಲ್ಲ. ಆಕೆಯೂ ಹುಟ್ಟುವಾಗ ಪಡೆದುಕೊಂಡು ಬಂದದ್ದೇ.

ವಾಹಕಿ ಅಂದರೆ ಬರೀ ಹೊತ್ತುಕೊಂಡು ಹೋಗುವವಳು, ಆಕೆಗೆ ಏನೂ ಆಗದು ಎಂದು ಮೊದಲು ಹೇಳುತ್ತಿದ್ದರು. ಇದು ಸರಿಯಲ್ಲ ಎಂದು ಈಗ ಗೊತ್ತಾಗಿದೆ. ಕೆಲವು ವಾಹಕಿಯರಲ್ಲಿ ಫ್ಯಾಕ್ಟರ್ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ. ಅವರಿಗೂ ಮುಟ್ಟಿನಲ್ಲಿ, ಹಲ್ಲು ಕೀಳಿಸಿದಾಗ, ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗುತ್ತದೆ.

ಇನ್ನು ನಮ್ಮ ಕಡೆಯ ಸಂಬಂಧದ ಮದುವೆ. ಅಕ್ಕನ ಮಗಳು, ಸೋದರತ್ತೆ ಮಗ, ಸೋದರಮಾವನ ಮಗಳು. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತದೆ. ಹಿಮೋಫಿಲಿಯಾ ಬರಲು ಸಂಬಂಧದ ಮದುವೆಯೇ ಬೇಕೆಂದಿಲ್ಲ, ಹೊರಗಿನ ಸಂಬಂಧದಲ್ಲೂ ಬರುತ್ತದೆ. ಆದರೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಅತಿ ಜೋರಾದ ಬಗೆ, ಹದಿಮೂರನೇ ಫ್ಯಾಕ್ಟರ್ ಕೊರತೆ ಇಂಥವು ತಾಯಿ ತಂದೆ ಇಬ್ಬರ ಕಡೆಯಿಂದಲೂ ಬಂದಾಗಲೇ ಮಗುವಿನಲ್ಲಿ ಕಾಣಿಸಿಕೊಳ್ಳುತ್ತವೆ. ಒಂದೇ ಬಳ್ಳಿಯ ಇಬ್ಬರು ಮದುವೆಯಾದರೆ ಅದಕ್ಕೆ ಅವಕಾಶ ಹೆಚ್ಚು. ಅಕ್ಕನ ಮಗಳನ್ನು ಕೊಡುವ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಸೋದರಮಾವನಿಗೆ ಹಿಮೋಫಿಲಿಯಾ ಇದೆ ಎನ್ನಿ. ಆತನ ಅಕ್ಕ ವಾಹಕಿ ಆಗಿರಬಹುದು, ಅಕ್ಕನ ಮಗಳೂ ಆಗಿರಬಹುದು. ಅವರಿಬ್ಬರಿಗೆ ಮದುವೆ ಮಾಡಿದರೆ ಹುಟ್ಟುವ ಹೆಣ್ಣುಮಗುವಿಗೇ ಪೂರ್ತಿ ಹಿಮೋಫಿಲಿಯಾ ಬರುವ ಸಂಭವ ಇದೆ. "ಹುಡುಗನಿಗೆ ಮಂಡಿ ನೋವು, ಹೊರಗಿನವರು ಹೆಣ್ಣು ಕೊಡಲ್ಲ, ನಮ್ಮ ಹುಡುಗೀನೇ ಕೊಟ್ಟುಬಿಡೋಣ" ಎಂದು ಕರುಣೆಯಿಂದ ಮಾಡುವ ಮದುವೆಗಳು ಇವು. ಮಾಡುವ ಮೊದಲು ಒಂದು ಸಲ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಿ.

ಯಾರು ಅನುಮಾನ ಪಡಬೇಕು?

ಮುಟ್ಟು ಏಳು ದಿನಕ್ಕಿಂತ ಹೆಚ್ಚು ಹೋಗುವುದು, ತಾಸು ಎರಡು ತಾಸಿಗೊಮ್ಮೆ ಬಟ್ಟೆ ಅಥವಾ ಪ್ಯಾಡ್ ಬದಲಿಸಬೇಕಾಗುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುವುದು. ಮೂಗಿನಿಂದ ರಕ್ತ ಸೋರಿದರೆ ಹತ್ತು ನಿಮಿಷವಾದರೂ ನಿಲ್ಲದಿರುವುದು. ಹಲ್ಲು ಕಿತ್ತ ಮೇಲೆ ರಾತ್ರಿಯೆಲ್ಲ ರಕ್ತ. ಪೆಟ್ಟು ಬಿದ್ದ ನೆನಪೇ ಇಲ್ಲದೆ ತೊಡೆ, ತೋಳಿನ ಮೇಲೆ ಕಪ್ಪು ಕಲೆ. ಹುಟ್ಟಿದ ಕೂಸಿನ ಹೊಕ್ಕುಳಿನಿಂದ ರಕ್ತ ಸೋರಿದ್ದು. ಕಾರಣವಿಲ್ಲದೆ ಮತ್ತೆ ಮತ್ತೆ ಗರ್ಭ ಇಳಿಯುವುದು. ತಮ್ಮನಿಗೋ ಸೋದರಮಾವನಿಗೋ ಮಂಡಿ ಊದಿಕೊಂಡು ಕಾಲು ಸೊಟ್ಟಗಾಗಿರುವುದು. ಇವುಗಳಲ್ಲಿ ಒಂದೇ ಒಂದಿದ್ದರೆ ಗಾಬರಿ ಬೇಡ, ಹೆಚ್ಚು ಮುಟ್ಟಿಗೆ ಬೇರೆ ಕಾರಣಗಳೂ ಇವೆ. ಎರಡು ಮೂರು ಒಟ್ಟಿಗೆ ಇದ್ದರೆ, ಅದರಲ್ಲೂ ತವರಿನಲ್ಲಿ ಬೇರೆಯವರಿಗೂ ಇದ್ದರೆ, ಕೇಳಲೇಬೇಕು.

ಕಷ್ಟ ಇರುವುದು ಇಲ್ಲೇ. ಅವ್ವನಿಗೂ ಹಾಗೇ ಇತ್ತು, ಅಜ್ಜಿಗೂ ಹಾಗೇ ಇತ್ತು, ಅಂದ ಮೇಲೆ ಆ ಮನೆಯಲ್ಲಿ ಅದೇ ಸರಿ ಅನಿಸಿಬಿಡುತ್ತದೆ. "ಮೈಯಾಗ ಉಷ್ಣ ಜಾಸ್ತಿ ಐತಿ" ಎಂದು ಮಜ್ಜಿಗೆ ಕುಡಿಸಿ ಸುಮ್ಮನಾಗ್ತಾರೆ. ಹೊಲದಲ್ಲಿ ಹತ್ತಿ ಬಿಡಿಸಲು ಹೋಗುವವರು ಎರಡು ಸೀರೆ ಉಟ್ಟು ಹೋಗಿ ಕೆಲಸ ಮಾಡಿ ಬರ್ತಾರೆ. ನಮ್ಮ ಆ ತಂಗಿ ಹಾಗೇ ಮಾಡುತ್ತಿದ್ದಳು.

ಪರೀಕ್ಷೆಯ ವಿಚಾರ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಲೆಕ್ಕ, ರಕ್ತ ಹೆಪ್ಪುಗಟ್ಟುವ ಸಮಯದ ಪಿ.ಟಿ. ಮತ್ತು ಎ.ಪಿ.ಟಿ.ಟಿ. ಪರೀಕ್ಷೆ ಮೊದಲು ಮಾಡ್ತಾರೆ. ಇವು ಸರಿ ಬಂದರೆ ಕೆಲವು ಕಡೆ "ಏನೂ ಇಲ್ಲ, ಹೋಗಮ್ಮ" ಎಂದು ಕಳಿಸ್ತಾರೆ. ನಮ್ಮ ತಂಗಿಗೂ ಮೊದಲು ತೋರಿಸಿದ ಕಡೆ ಹಾಗೇ ಆಯಿತು. ಆದರೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ, ಹದಿಮೂರನೇ ಫ್ಯಾಕ್ಟರ್ ಕೊರತೆಯಲ್ಲಿ ಈ ಪರೀಕ್ಷೆಗಳು ಸರಿಯಾಗಿಯೇ ಬರಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ, ಅದು ದೊಡ್ಡ ಊರುಗಳಲ್ಲಿ ಮಾತ್ರ ಆಗುತ್ತದೆ. ಬಸುರಾದ ಮೇಲೆ ಈ ವಸ್ತುಗಳ ಮಟ್ಟ ತಾನಾಗಿ ಏರುವುದರಿಂದ ಕಾಯಿಲೆ ಮುಚ್ಚಿಹೋಗಲೂಬಹುದು. ಸಾಧ್ಯವಾದರೆ ಬಸುರಾಗುವ ಮೊದಲೇ, ಇಲ್ಲವೆಂದರೆ ಮೊದಲ ಮೂರು ತಿಂಗಳಲ್ಲೇ ಮಾಡಿಸುವುದು ಒಳ್ಳೆಯದು.

ನಮ್ಮ ರಾಜ್ಯದಲ್ಲಿ ಈ ಕಾಯಿಲೆಗಳಿಗಾಗಿಯೇ ದುಡಿಯುವ ಸಂಸ್ಥೆ ದಾವಣಗೆರೆಯಲ್ಲಿದೆ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ. ಇದನ್ನು ಬೆಳೆಸಿದ ಡಾ. ಸುರೇಶ್ ಹನಗವಾಡಿ ಅವರಿಗೆ ಸ್ವತಃ ಹಿಮೋಫಿಲಿಯಾ ಇದೆ. ಕಾಯಿಲೆ ಇಟ್ಟುಕೊಂಡೇ ಓದಿ ವೈದ್ಯರಾದವರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ, ವೆಲ್ಲೂರಿನ ಸಿ.ಎಂ.ಸಿ.ಯಲ್ಲೂ ಇದಕ್ಕೆ ಬೇರೆಯೇ ವಿಭಾಗದ ವೈದ್ಯರಿದ್ದಾರೆ. ರಾಯಚೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಒಂದು ಸಲ ಹೋಗಿ ಕಾಯಿಲೆಯ ಹೆಸರು ಬರೆಸಿಕೊಂಡು ಬಂದರೆ ಆ ಚೀಟಿ ಬಾಳೆಲ್ಲಾ ಕೆಲಸಕ್ಕೆ ಬರುತ್ತದೆ. ನಮ್ಮ ತಂಗಿಗೆ ಸಂಘದಿಂದ ಕೊಟ್ಟ ಸಾಲದಲ್ಲೇ ಆ ಪ್ರಯಾಣ ಆಯಿತು. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಎಂದು ಬರೆದುಕೊಟ್ಟರು.

ಬಸುರಿನ ಒಂಬತ್ತು ತಿಂಗಳು

ಇಂಥ ಕಾಯಿಲೆ ಇದೆ ಎಂದರೆ ಮಕ್ಕಳೇ ಬೇಡ ಎಂದಲ್ಲ. ಮೊದಲೇ ಗೊತ್ತಿದ್ದು ತಯಾರಿ ಮಾಡಿಕೊಂಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಸುಖವಾಗಿ ಹೆತ್ತು ಬರ್ತಾರೆ. ದೇವರೇ ಒಂದು ಏರ್ಪಾಡು ಮಾಡಿದ್ದಾನೆ ಎನ್ನಬೇಕು. ಬಸುರಿನಲ್ಲಿ ಎಂಟನೇ ಫ್ಯಾಕ್ಟರ್ ಮತ್ತು ವಾನ್ ವಿಲ್ಲೆಬ್ರಾಂಡ್ ವಸ್ತು ತಾವಾಗಿಯೇ ಹೆಚ್ಚುತ್ತಾ ಹೋಗುತ್ತವೆ, ಕೊನೆಯ ಮೂರು ತಿಂಗಳಲ್ಲಿ ಬಹಳ ಮಂದಿಗೆ ಸಾಕಷ್ಟು ಮಟ್ಟಕ್ಕೆ ಬರುತ್ತವೆ. ಆದರೆ ಒಂಬತ್ತನೇ ಫ್ಯಾಕ್ಟರ್ ಹಾಗೆ ಏರುವುದಿಲ್ಲ. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಜೋರಾದ ಬಗೆಯಲ್ಲೂ ಏರುವುದಿಲ್ಲ. ಅದಕ್ಕೇ ಮೊದಲ ಭೇಟಿಯಲ್ಲಿ ಒಂದು ಸಲ, ಏಳನೇ ಎಂಟನೇ ತಿಂಗಳಲ್ಲಿ ಇನ್ನೊಂದು ಸಲ ಮಟ್ಟ ನೋಡಿಸಬೇಕು. ಹೆರಿಗೆಯ ಹೊತ್ತಿಗೆ ಅದು ನೂರಕ್ಕೆ ಐವತ್ತಾದರೂ ಇರಬೇಕು. ಇಲ್ಲದಿದ್ದರೆ ಫ್ಯಾಕ್ಟರ್ ಹಾಕಿ ಏರಿಸ್ತಾರೆ.

ಇಲ್ಲಿ ನಮ್ಮ ಪದ್ಧತಿಯ ಒಂದು ತೊಡಕಿದೆ. ಏಳನೇ ಎಂಟನೇ ತಿಂಗಳು ಅಂದರೆ ಕುಬಸ ಮಾಡಿ ತವರಿಗೆ ಕರೆದುಕೊಂಡು ಹೋಗುವ ಹೊತ್ತು. ಗಂಡನ ಊರು ಚಂದ್ರಬಂಡದ ಕಡೆ, ತವರು ದೇವದುರ್ಗದ ಕಡೆ ಎಂದಾದರೆ, ತೋರಿಸುತ್ತಿದ್ದ ಡಾಕ್ಟರು ಒಂದು ಕಡೆ, ಹೆರಿಗೆ ಇನ್ನೊಂದು ಕಡೆ. ಚೀಟಿಗಳು ಅತ್ತೆಯ ಟ್ರಂಕಿನಲ್ಲಿ! ಕುಬಸದ ಸೀರೆಯ ಜೊತೆ ತಾಯಿ ಕಾರ್ಡು, ಪರೀಕ್ಷೆಯ ಚೀಟಿ ಎಲ್ಲವೂ ಹೋಗಬೇಕು. ತಾಯಿ ಕಾರ್ಡಿನ ಮೇಲೆ ಕಾಯಿಲೆಯ ಹೆಸರನ್ನು ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಸಿ. ಆಶಾ ಅಕ್ಕನಿಗೂ, ಸಿಸ್ಟರಮ್ಮನಿಗೂ ಹೇಳಿರಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಬಸುರಿಯರನ್ನು ನೋಡುವ ವ್ಯವಸ್ಥೆ 2016ರಿಂದ ಇದೆ. ಆ ದಿನ ಹೋಗಿ ಹೇಳಿಕೊಳ್ಳುವುದು ಸುಲಭ.

ಗುಳಿಗೆಯ ವಿಷಯದಲ್ಲಿ ಎಚ್ಚರ. ತಲೆನೋವು, ಮೈಕೈ ನೋವಿಗೆ ಅಂಗಡಿಯಿಂದ ತರುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವು ರಕ್ತ ಸೋರುವುದನ್ನು ಹೆಚ್ಚಿಸುತ್ತವೆ. ಬೇಕಾದರೆ ಪ್ಯಾರಾಸಿಟಮಾಲ್, ಅದೂ ಕೇಳಿ. ಊರಿನ ಆರ್.ಎಂ.ಪಿ. ಡಾಕ್ಟರ ಹತ್ತಿರ ಸೊಂಟಕ್ಕೆ ಇಂಜೆಕ್ಷನ್ ಬೇಡ, ಮಾಂಸದೊಳಗೆ ರಕ್ತ ಕಟ್ಟಿಕೊಳ್ಳುತ್ತದೆ. ಧನುರ್ವಾಯು ಚುಚ್ಚುಮದ್ದು ಬೇಕೇ ಬೇಕು. ಸಣ್ಣ ಸೂಜಿಯಲ್ಲಿ ಹಾಕಿಸಿ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಕಬ್ಬಿಣಾಂಶದ ಗುಳಿಗೆ ಮಾತ್ರ ಒಂದು ದಿನವೂ ಬಿಡಬೇಡಿ. ಸೋರುವ ಕೊಡ ಖಾಲಿಯೂ ಆಗಿದ್ದರೆ ಗತಿ ಏನು?

ಹೆರಿಗೆ ಎಲ್ಲಿ, ಹೇಗೆ?

ಮನೆಯಲ್ಲಿ ಸೂಲಗಿತ್ತಿಯ ಕೈಲಿ ಬೇಡವೇ ಬೇಡ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಳ್ಳೆಯ ಸಿಸ್ಟರುಗಳಿದ್ದಾರೆ, ಆದರೆ ಇಂಥ ಹೆರಿಗೆಗೆ ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಯೇ ಆಗಬೇಕು. ನಮಗೆ ಹತ್ತಿರದ್ದು ರಾಯಚೂರಿನ ರಿಮ್ಸ್. ಮಟ್ಟ ಬಹಳ ಕಡಿಮೆ ಇರುವವರು ದಿನ ತುಂಬುವ ಮೊದಲೇ ಬೆಂಗಳೂರಿಗೆ ಹೋಗುವುದು ಸರಿ. ನೋವು ಬಂದ ಮೇಲೆ ಯಾವ ಆಸ್ಪತ್ರೆ ಎಂದು ಯೋಚಿಸುವುದಲ್ಲ, ಎಂಟನೇ ತಿಂಗಳಲ್ಲೇ ಹೋಗಿ ಕೇಳಬೇಕು: ಫ್ಯಾಕ್ಟರ್ ಇದೆಯೇ, ಯಾವುದಿದೆ, ಮುಗಿದಿದ್ದರೆ ಎಷ್ಟು ದಿನದಲ್ಲಿ ತರಿಸ್ತೀರಿ? ಹಿಮೋಫಿಲಿಯಾ ಔಷಧವನ್ನು ಸರ್ಕಾರ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ಕೊಡುತ್ತದೆ. ಹೊರಗೆ ಕೊಂಡರೆ ಸಾವಿರಾರು ರೂಪಾಯಿ. ವಾನ್ ವಿಲ್ಲೆಬ್ರಾಂಡ್ ಕಾಯಿಲೆಗೆ ಎಲ್ಲ ಎಂಟನೇ ಫ್ಯಾಕ್ಟರ್ ಔಷಧವೂ ಆಗುವುದಿಲ್ಲ, ಅದರಲ್ಲಿ ವಾನ್ ವಿಲ್ಲೆಬ್ರಾಂಡ್ ವಸ್ತುವೂ ಇರಬೇಕು. ಅದು ಸಿಗದಿದ್ದರೆ ರಕ್ತನಿಧಿಯಲ್ಲಿ ಕ್ರಯೋ ಎಂಬುದನ್ನು ತಯಾರಿಸಿ ಕೊಡ್ತಾರೆ. ಇದನ್ನು ನೀವು ಬಾಯಿಪಾಠ ಮಾಡಬೇಕಿಲ್ಲ, ತಜ್ಞರಿಂದ ಒಂದು ಕಾಗದದಲ್ಲಿ ಬರೆಸಿಕೊಂಡು ಕೊಟ್ಟರೆ ಸಾಕು.

ಆ ಕಾಗದದಲ್ಲಿ ಇನ್ನೂ ಕೆಲವು ಮಾತು ಇರಬೇಕು. ಸಹಜ ಹೆರಿಗೆ ಆಗಬಹುದು, ಸಿಜೇರಿಯನ್ನೇ ಆಗಬೇಕೆಂದಿಲ್ಲ. ಆದರೆ ಹೊಟ್ಟೆಯಲ್ಲಿರುವ ಮಗುವಿಗೂ ಕಾಯಿಲೆ ಇರಬಹುದು ಎನ್ನುವಾಗ ವ್ಯಾಕ್ಯೂಮ್ ಹಚ್ಚಿ ಎಳೆಯುವುದು, ಇಕ್ಕಳ ಹಾಕಿ ಕಷ್ಟಪಟ್ಟು ಎಳೆಯುವುದು ಕೂಡದು, ಮಗುವಿನ ತಲೆಯೊಳಗೆ ರಕ್ತ ಒಡೆಯಬಹುದು. ಹೆರಿಗೆ ಬಹಳ ಹೊತ್ತು ಎಳೆದರೆ ಕಾಯದೆ ಆಪರೇಷನ್ ಮಾಡುವುದು ಮೇಲು. ಮಟ್ಟ ನೋಡದೆ ಬೆನ್ನಿಗೆ ಅರಿವಳಿಕೆಯ ಇಂಜೆಕ್ಷನ್ ಕೊಡಬಾರದು. ಹೆತ್ತ ಮೇಲೂ ಸಹಜ ಹೆರಿಗೆಯಾದರೆ ಮೂರು ದಿನ, ಸಿಜೇರಿಯನ್ ಆದರೆ ಐದು ದಿನವಾದರೂ ಮಟ್ಟ ಕುಸಿಯದಂತೆ ನೋಡಿಕೊಳ್ಳಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ಗರ್ಭಕೋಶ ಗಟ್ಟಿಯಾಗದಿರುವುದು, ಕಸ ಪೂರ್ತಿ ಬೀಳದಿರುವುದು, ಒಳಗೆ ಹರಿದಿರುವುದು, ಇವೇ ಹೆಚ್ಚಿನ ಕಾರಣ. ಯಾವ ಕಾರಣವಾದರೂ ಅರ್ಧ ಲೀಟರ್ ಹಾಲಿನ ಪಾಕೀಟಿನಷ್ಟು ರಕ್ತ ಹೋಯಿತೆಂದರೆ ಅಪಾಯ ಶುರು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಬೆಲೆ ಕಡಿಮೆಯ ಔಷಧವನ್ನು ಮೂರು ತಾಸಿನೊಳಗೆ ಕೊಟ್ಟರೆ ಬಾಣಂತಿಯರ ಸಾವು ಕಡಿಮೆಯಾಗುತ್ತದೆ ಎಂದು 21 ದೇಶಗಳ 20 ಸಾವಿರ ತಾಯಂದಿರ ಮೇಲೆ ನಡೆದ ಅಧ್ಯಯನ 2017ರಲ್ಲಿ ತೋರಿಸಿತು. ರಕ್ತ ನಿಲ್ಲದ ಕಾಯಿಲೆ ಇರುವವರಿಗೆ ಮನೆಗೆ ಹೋದ ಮೇಲೂ ಕೆಲವು ದಿನ ಇದೇ ಔಷಧದ ಗುಳಿಗೆ ಕೊಡುವುದುಂಟು.

ಹೊಲಸು ರಕ್ತ ಹೋಗಲಿ ಬಿಡು ಎನ್ನಬೇಡಿ

ಬಸುರಿನಲ್ಲಿ ಏರಿದ ಮಟ್ಟ ಹೆತ್ತ ಮೇಲೆ ಇಳಿಯುತ್ತದೆ. ಒಂದರಿಂದ ಮೂರು ವಾರದಲ್ಲಿ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ಅಂದರೆ ಹೆರಿಗೆ ಚೆನ್ನಾಗಿ ಆಯಿತು, ಮನೆಗೆ ಬಂದೆವು, ತೊಟ್ಟಿಲ ಕಾರ್ಯವೂ ಆಯಿತು ಎನ್ನುವ ಹೊತ್ತಿಗೆ ಅಪಾಯ ಬರುತ್ತದೆ. ಆ ತಂಗಿಯ ಅಕ್ಕ ಹನ್ನೆರಡನೇ ದಿನ ತೀರಿಕೊಂಡದ್ದು ಯಾಕೆ ಎಂದು ನಮಗೆ ಆಮೇಲೆ ಅರ್ಥವಾಯಿತು. ಮನೆಯಲ್ಲಿ ಹಿರಿಯರು "ಒಂಬತ್ತು ತಿಂಗಳ ಹೊಲಸು ರಕ್ತ, ಹೋಗಲಿ ಬಿಡು, ಹೋದಷ್ಟು ಒಳ್ಳೇದು" ಎಂದರಂತೆ. ಕುದುರೆಯ ಮೇಲೆ ಬಂದವರಂತೆ ಅವಸರ ಮಾಡಬೇಡ ಎಂದು ಗಂಡನನ್ನೂ ತಡೆದರಂತೆ. ಸಂಜೆಗೆ ಕೈಕಾಲು ತಣ್ಣಗಾದ ಮೇಲೆ ಗಾಡಿ ಹುಡುಕಿದರು. ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ಬಾಣಂತಿಯ ರಕ್ತ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ, ಬಣ್ಣ ತಿಳಿಯಾಗುತ್ತಾ ಹೋಗಬೇಕು. ನಿಂತದ್ದು ಮತ್ತೆ ಕೆಂಪಾಗಿ ಶುರುವಾದರೆ, ಒಂದು ತಾಸಿನಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ನಿಂಬೆಹಣ್ಣಿನಷ್ಟು ಗಡ್ಡೆ ಬಿದ್ದರೆ, ಕಣ್ಣು ಕತ್ತಲೆ ಬಂದರೆ, ಎದೆ ಡವಡವ ಎಂದರೆ 108ಕ್ಕೆ ಫೋನ್ ಮಾಡಿ. ಆರು ವಾರದವರೆಗೂ ಈ ಎಚ್ಚರ ಇರಲಿ. ಹೊಟ್ಟೆ ತಿಕ್ಕಿಸುವುದು, ಬಿಗಿಯಾಗಿ ಕಟ್ಟುವುದು ಈ ತಾಯಂದಿರಿಗೆ ಬೇಡ. ಮಗುವಿಗೆ ಹಾಲು ಕುಡಿಸಲು ಯಾವ ಅಡ್ಡಿಯೂ ಇಲ್ಲ.

ನಮ್ಮ ಭಾಗದಲ್ಲಿ ಎರಡನೆಯ ಮೂರನೆಯ ಮಗು ಆದ ಕೂಡಲೇ ಆಪರೇಷನ್ ಮಾಡಿಸ್ತಾರೆ. ಆ ಬಗ್ಗೆ ಧರ್ಮಸಭೆಯ ಬೋಧನೆ ಏನೆಂದು ನಿಮಗೆ ಗೊತ್ತು, ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಯಾರೇ ಆಗಲಿ, ಯಾವ ಆಪರೇಷನ್ನೇ ಆಗಲಿ, ಕಾಯಿಲೆ ಹೇಳದೆ ಕ್ಯಾಂಪಿಗೆ ಹೋಗಿ ಮಲಗಬೇಡಿ. ಕಾಪರ್-ಟಿ ಕೂಡ ಮುಟ್ಟಿನ ರಕ್ತ ಹೆಚ್ಚಿಸುತ್ತದೆ.

ಕೂಸಿನ ಜೋಪಾನ

ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಿಂದಲೇ ಪರೀಕ್ಷೆ ಮಾಡಬಹುದು, ಮಗುವಿಗೆ ಸೂಜಿ ಚುಚ್ಚುವ ಕೆಲಸವಿಲ್ಲ. ಹುಟ್ಟಿದ ಎಲ್ಲ ಮಕ್ಕಳಲ್ಲೂ ಒಂಬತ್ತನೇ ಫ್ಯಾಕ್ಟರ್ ಸ್ವಲ್ಪ ಕಡಿಮೆಯೇ ಇರುತ್ತದೆ, ವಾನ್ ವಿಲ್ಲೆಬ್ರಾಂಡ್ ವಸ್ತು ಹೆಚ್ಚೇ ಇರುತ್ತದೆ. ಅದಕ್ಕೆ ಕೆಲವು ಮಕ್ಕಳಿಗೆ ಆರು ತಿಂಗಳಾದ ಮೇಲೆ ಮತ್ತೊಮ್ಮೆ ನೋಡಬೇಕಾಗುತ್ತದೆ. ಫಲಿತಾಂಶ ಬರುವವರೆಗೆ ಕಿವಿ ಚುಚ್ಚಿಸುವುದು ಬೇಡ, ಹಚ್ಚೆ ಬೇಡ. ಮುಸ್ಲಿಂ ಸಹೋದರಿಯರು ಮಗನ ಖತ್ನಾ ಮುಂದಕ್ಕೆ ಹಾಕಬೇಕು. ಹೊಟ್ಟೆ ಉಬ್ಬರಕ್ಕೆ ಬರೆ ಹಾಕಿಸುವುದು ಯಾವ ಮಗುವಿಗೂ ಸಲ್ಲದು, ಇಂಥ ಮಗುವಿಗಂತೂ ಪ್ರಾಣಕ್ಕೇ ಕುತ್ತು. ಎರೆಯುವ ಅಜ್ಜಿಗೂ ಹೇಳಿಬಿಡಿ: ಕಾಲ ಮೇಲೆ ಮಲಗಿಸಿ ತಲೆ ಒತ್ತಿ ದುಂಡಗೆ ಮಾಡುವುದು, ಮೂಗು ಹಿಂಡುವುದು, ಕೈಕಾಲು ಜಗ್ಗುವುದು ಬೇಡ. ಮಗು ಹಾಲು ಬಿಟ್ಟು ಮಂಕಾದರೆ, ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ನೆತ್ತಿ ಉಬ್ಬಿದರೆ ತಲೆಯೊಳಗೆ ರಕ್ತಸ್ರಾವ ಇರಬಹುದು, ದೃಷ್ಟಿ ತೆಗೆಯುತ್ತಾ ಕೂರಬೇಡಿ. ಲಸಿಕೆ ಬಿಡಿಸಬೇಡಿ. ಸಣ್ಣ ಸೂಜಿಯಲ್ಲಿ ಹಾಕಿಸಿ ಒತ್ತಿ ಹಿಡಿದರಾಯಿತು.

ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ತಿಳಿಯುವುದು 1994ರ ಕಾಯಿದೆಯ ಪ್ರಕಾರ ಅಪರಾಧ. ಇಂಥ ಅನುವಂಶೀಯ ಕಾಯಿಲೆಯ ಪತ್ತೆಗೆ ಮಾತ್ರ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಇದೆ. ಮಗುವನ್ನು ತೆಗೆಸಲು ಅದನ್ನು ಬಳಸುವುದನ್ನು ನಾವು ಒಪ್ಪುವುದಿಲ್ಲ. ಇವತ್ತು ಔಷಧ ಸಿಗುತ್ತದೆ, ಹಿಮೋಫಿಲಿಯಾ ಇರುವವರು ಓದಿ ಕೆಲಸಕ್ಕೆ ಸೇರಿ ಬದುಕುತ್ತಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹಿಮೋಫಿಲಿಯಾವನ್ನೂ ಸೇರಿಸಲಾಗಿದೆ, ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಹೋಗಿ ಬರುವ ವಾಹನ ಇವೆಲ್ಲ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಉಚಿತ. ಯಾರಾದರೂ ದುಡ್ಡು ಕೇಳಿದರೆ ಸಂಘದವರು ನಾಲ್ಕು ಮಂದಿ ಕೂಡಿ ಹೋಗಿ ಕೇಳಿ, ಒಬ್ಬರೇ ಹೋಗಬೇಡಿ.

ನಮ್ಮ ಆ ತಂಗಿ ಕೊನೆಗೆ ಅತ್ತೆಗೆ ಹೇಳಿದಳು. ಹೇಳುವಾಗ ನಾವೂ ಪಕ್ಕದಲ್ಲಿ ಕೂತಿದ್ದೆವು. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಮದುವಿಗಿಂತ ಮೊದ್ಲು ಹೇಳಬೇಕಿತ್ತು" ಎಂದರು. ಆಮೇಲೆ ಅವರೇ, "ಹೋಗ್ಲಿ, ಯಾವ ದವಾಖಾನಿಗೆ ಹೋಗ್ಬೇಕ್ರಿ?" ಎಂದು ಕೇಳಿದರು. ಸಂಘದವರು ಆಕೆಗಾಗಿ ಸ್ವಲ್ಪ ಹಣ ಬೇರೆ ಇಟ್ಟರು. ರಕ್ತ ಕೊಡಲು ಒಪ್ಪಿದ ಆರು ಹುಡುಗರ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು, ತಾಯಿ ಕಾರ್ಡಿನ ಜೊತೆ ಬಟ್ಟೆಯ ಚೀಲದಲ್ಲಿಟ್ಟು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದರು. ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹದಿನೈದನೇ ದಿನ ರಾತ್ರಿ ಮತ್ತೆ ಕೆಂಪಾಗಿ ರಕ್ತ ಶುರುವಾಯಿತು. ಈ ಸಲ ಹೊಲಸು ರಕ್ತ ಎಂದು ಯಾರೂ ಅನ್ನಲಿಲ್ಲ. ಅತ್ತೆಯೇ ಚೀಲ ಕಿತ್ತುಕೊಂಡು 108 ಹತ್ತಿದರು.

ಹುಟ್ಟಿದ್ದು ಹೆಣ್ಣುಕೂಸು. ಕಿವಿ ಇನ್ನೂ ಚುಚ್ಚಿಸಿಲ್ಲ. ಆರು ತಿಂಗಳು ತುಂಬಿದ ಮೇಲೆ ಪರೀಕ್ಷೆ ಇದೆ.